ಕರೆದು ನೋಡುವ ಧೈರ್ಯ

(ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ದಿನದ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತವರಿಗೆ ಹಿರಿಯರ ಗುಣಗಾನವೇ ಸುಲಭವಾದ ದಾರಿ. ಆ ಕಾರ್ಯವನ್ನು ನಮಗಿಂತ ಸಮರ್ಥರು ಈ ವೇದಿಕೆಯಿಂದ ನೆರವೇರಿಸಿದ್ದಾರೆ. ದಂತವೈದ್ಯವನ್ನೇ ಬಾಳಿನ ಕಸುಬಾಗಿ ಮಾಡಿಕೊಂಡ ನಮಗೆ ಸಮಿತಿಯವರು ಒಪ್ಪಿಸಿದ ವಿಷಯ, ವೃತ್ತಿಯೂ ಕುಟುಂಬವೂ ಸಮಾಜವೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು. ಉಪದೇಶ ಮಾಡುವ ಅಧಿಕಾರ ನಮಗಿಲ್ಲ. ಆದುದರಿಂದ ನಮ್ಮ ಕಸುಬಿನ ಹಿರಿಯರೊಬ್ಬರ ಕಥೆಯನ್ನು ತಮ್ಮ ಮುಂದಿಡುತ್ತೇವೆ. ಅವರು ನಮ್ಮ ನಾಡಿನವರಲ್ಲ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಟೂಸಾನ್ ಎಂಬ ಸಣ್ಣ ನಗರದಲ್ಲಿ, ಮಕ್ಕಳ ಸೊಟ್ಟ ಹಲ್ಲುಗಳನ್ನು ನೆಟ್ಟಗೆ ಮಾಡುತ್ತ ಬಾಳಿದ ಡಾಕ್ಟರ್ ಚಾರ್ಲ್ಸ್ ಟ್ವೀಡ್ ಅವರು. 1895ರಲ್ಲಿ ಹುಟ್ಟಿದ ಅವರು 1970ರಲ್ಲಿ ತೀರಿಕೊಂಡರು.

ಹಲ್ಲುನೋವಿನವರ ಪಾಲಕಿಯಾದ ಸಂತ ಅಪೊಲೋನಿಯಾಳನ್ನು ತಾವು ಬಲ್ಲಿರಿ. 249ರಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಹಲ್ಲುಗಳನ್ನು ಮುರಿಸಿಕೊಂಡು ರಕ್ತಸಾಕ್ಷಿಯಾದ ಆಕೆಯನ್ನು ಫೆಬ್ರವರಿ 9ರಂದು ನೆನೆಯುತ್ತೇವೆ. ಆದರೆ ನಮ್ಮ ವೃತ್ತಿಯಲ್ಲಿ ಸೊಟ್ಟ ಹಲ್ಲನ್ನು ಸರಿಪಡಿಸುವವರದು ಬೇರೆಯೇ ಶಾಖೆ. ಅವರನ್ನು ಆರ್ಥೊಡಾಂಟಿಸ್ಟ್ ಎನ್ನುತ್ತಾರೆ. ಮನೆಮಾತಿನಲ್ಲಿ ಹೇಳುವುದಾದರೆ ಹಲ್ಲಿಗೆ ಕ್ಲಿಪ್ಪು ಹಾಕುವ ಡಾಕ್ಟರು. ಹಲ್ಲು ಕೀಳುವುದು ಒಂದು ಗಳಿಗೆಯ ಕೆಲಸ. ಹಲ್ಲನ್ನು ಸರಿಸುವುದು ಎರಡು ವರ್ಷಗಳ ಕೆಲಸ. ತಂತಿಯ ಮೃದುವಾದ ಒತ್ತಡ ಬಿದ್ದ ಕಡೆಯಲ್ಲಿ ದವಡೆಯ ಮೂಳೆ ಮೆಲ್ಲನೆ ಕರಗುತ್ತದೆ, ಹಲ್ಲು ಬಿಟ್ಟುಬಂದ ಕಡೆಯಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಅವಸರಪಟ್ಟರೆ ಬೇರೇ ಸವೆದೀತು. ಹನ್ನೆರಡು ವರ್ಷದ ಮಗುವನ್ನು ತಾಯಿ ತಿಂಗಳು ತಿಂಗಳೂ ಕರೆತರುತ್ತಾಳೆ. ತಂದೆಯ ದವಡೆಯೋ ತಾಯಿಯ ಹಲ್ಲಿನ ಸಾಲೋ ಮಗುವಿನಲ್ಲಿ ಇಳಿದುಬಂದಿರುವುದನ್ನು ವೈದ್ಯನು ಕಾಣುತ್ತಾನೆ. ಹೀಗೆ ಒಂದು ಮಗುವಿನ ಬಾಯಿಯ ಮೂಲಕ ಒಂದು ಸಂಸಾರವೇ ಅವನಿಗೆ ಪರಿಚಿತವಾಗುತ್ತದೆ.

ಈಗ ಟೂಸಾನ್ ನಗರಕ್ಕೆ ಹೋಗೋಣ. ಅದು ಕಥೋಲಿಕರಾದ ನಮಗೆ ಅಷ್ಟೊಂದು ಅಪರಿಚಿತವಾದ ಸ್ಥಳವಲ್ಲ. ಮರುಭೂಮಿಯ ನಡುವೆ, ನಗರದ ದಕ್ಷಿಣಕ್ಕೆ, ಯೇಸುಸಭೆಯ ಇಯುಸೇಬಿಯೊ ಕೀನೊ ಎಂಬ ಗುರುಗಳು 1692ರಲ್ಲಿ ಸ್ಥಾಪಿಸಿದ ಧರ್ಮಕೇಂದ್ರವೊಂದಿದೆ. ಅಲ್ಲಿ ಈಗ ನಿಂತಿರುವ ಬಿಳಿಯ ದೇವಾಲಯ 1797ರಲ್ಲಿ ಪೂರ್ಣಗೊಂಡಿತು. ಅದರ ಹೆಸರು ಗೋವೆಯಲ್ಲಿ ಪಾರ್ಥಿವ ದೇಹವನ್ನಿರಿಸಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರದು. 1930ರಲ್ಲಿ ಆ ನಗರದ ಜನಸಂಖ್ಯೆ ಸುಮಾರು 32,000. ಇಂದು ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟೇ.

ಅಂಥ ಊರಿನಲ್ಲಿ ಕೆಲಸ ಮಾಡಿದ ಟ್ವೀಡ್ ಅವರು ಸಾಮಾನ್ಯರ ಶಿಷ್ಯರಲ್ಲ. ಆಧುನಿಕ ದಂತವಕ್ರತಾ ಚಿಕಿತ್ಸೆಯ ಪಿತಾಮಹರೆನಿಸಿದ ಎಡ್ವರ್ಡ್ ಏಂಗಲ್ ಅವರ ಬಳಿಯಲ್ಲಿ, ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದಲ್ಲಿ, ಅವರು ಕಲಿತರು. ಆಯತಾಕಾರದ ಗಾಡಿಯೊಳಗೆ ಆಯತಾಕಾರದ ತಂತಿಯನ್ನು ಕೂರಿಸಿ, ಹಲ್ಲನ್ನು ಮೂರು ದಿಕ್ಕುಗಳಲ್ಲಿಯೂ ಹಿಡಿತದಲ್ಲಿಡುವ ಹೊಸ ಸಾಧನವನ್ನು ಏಂಗಲ್ ಅವರು 1928ರಲ್ಲಿ ಪ್ರಕಟಿಸಿದರು. ಇಂದಿನ ಕ್ಲಿಪ್ಪುಗಳ ಮೂಲ ಅದೇ. ಈ ಸಾಧನಕ್ಕೆ ಬಾಳನ್ನು ಮುಡಿಪಾಗಿಡು, ಈ ಶಾಖೆಗೆ ಕಾನೂನಿನ ಮನ್ನಣೆ ದೊರಕಿಸು ಎಂದು ಗುರುಗಳು ಶಿಷ್ಯನಿಗೆ ಹೊಣೆ ಒಪ್ಪಿಸಿದರು. 1929ರಲ್ಲಿ ಅರಿಜೋನಾದಲ್ಲಿ ಅಂಥ ಕಾನೂನು ಬಂದಿತು; ಅಮೆರಿಕದಲ್ಲಿ ಅದೇ ಮೊದಲನೆಯದು. ಅದರಡಿಯಲ್ಲಿ ಮೊದಲನೆಯ ಸಂಖ್ಯೆಯ ಪ್ರಮಾಣಪತ್ರ ಪಡೆದವರು ಟ್ವೀಡ್. ಮರುವರ್ಷ, 1930ರಲ್ಲಿ, ಗುರುಗಳು ತೀರಿಕೊಂಡರು.

ಏಂಗಲ್ ಅವರದು ಒಂದು ಕಟ್ಟುನಿಟ್ಟಾದ ಸಿದ್ಧಾಂತ. ಪ್ರಕೃತಿ ಕೊಟ್ಟ ಹಲ್ಲುಗಳೆಲ್ಲವೂ ಬಾಯಿಯಲ್ಲಿ ಉಳಿಯಬೇಕು. ಹಲ್ಲಿನ ಸಾಲು ಸರಿಮಾಡಲೆಂದು ಗಟ್ಟಿ ಹಲ್ಲನ್ನು ಕೀಳುವುದು ತಪ್ಪು. 1911ರಲ್ಲಿ ಕ್ಯಾಲ್ವಿನ್ ಕೇಸ್ ಎಂಬ ವೈದ್ಯರು ಇದಕ್ಕೆ ಎದುರಾಗಿ ವಾದಿಸಿದರೂ ಏಂಗಲ್ ಅವರ ಪಕ್ಷವೇ ಮೇಲಾಗಿತ್ತು. ಟ್ವೀಡ್ ಅವರು ಆರೇಳು ವರ್ಷ ಗುರುವಿನ ಮಾತಿನಂತೆಯೇ ನಡೆದರು. ಹಲ್ಲುಗಳು ಸಾಲಾಗಿ ನಿಂತವು, ತಂತಿ ಬಿಚ್ಚಿದರು, ಮಕ್ಕಳು ಮನೆಗೆ ಹೋದರು.

ದೊಡ್ಡ ಪಟ್ಟಣದಲ್ಲಾದರೆ ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಸಣ್ಣ ಊರಿನಲ್ಲಿ ಹಾಗಲ್ಲ. ಅಲ್ಲಿ ವೈದ್ಯನ ಕೈಕೆಲಸ ಅಂಗಡಿಬೀದಿಯಲ್ಲಿ, ಶಾಲೆಯ ಬಾಗಿಲಲ್ಲಿ ಅವನಿಗೆ ಎದುರಾಗುತ್ತಲೇ ಇರುತ್ತದೆ. ಎಷ್ಟೋ ಮಕ್ಕಳ ಹಲ್ಲುಗಳು ಮತ್ತೆ ಸೊಟ್ಟಗಾಗಿದ್ದವು. ಇನ್ನು ಕೆಲವರ ಹಲ್ಲುಗಳು ಸಾಲಾಗಿದ್ದರೂ ತುಟಿ ಮುಚ್ಚಲಾರದಷ್ಟು ಮುಂದಕ್ಕೆ ಉಬ್ಬಿ, ಮುಖದ ಲಕ್ಷಣವೇ ಕೆಟ್ಟಿತ್ತು. ಬಹಳ ನೊಂದುಕೊಂಡ ಟ್ವೀಡ್ ಅವರು ನೆಪ ಹುಡುಕಲಿಲ್ಲ. ಚಿಕಿತ್ಸೆ ಮುಗಿಸಿ ಹೋಗಿದ್ದ ರೋಗಿಗಳನ್ನು ತಾವಾಗಿಯೇ ಮರಳಿ ಕರೆಸಿದರು. ಗೆದ್ದುದೆಷ್ಟು, ಸೋತುದೆಷ್ಟು ಎಂದು ನಾಲ್ಕು ವರ್ಷ ಕುಳಿತು ಅಭ್ಯಾಸ ಮಾಡಿದರು. ಗೆದ್ದವರಲ್ಲಿ ಒಂದು ಸಾಮ್ಯ ಕಾಣಿಸಿತು: ಅವರ ಕೆಳಸಾಲಿನ ಬಾಚಿಹಲ್ಲುಗಳು ದವಡೆಯ ಮೂಳೆಯ ಮೇಲೆ ನೆಟ್ಟಗೆ ನಿಂತಿದ್ದವು. ಸೋತವರಲ್ಲಿ ಅವು ಮುಂದಕ್ಕೆ ಬಾಗಿದ್ದವು. ಇಕ್ಕಟ್ಟಾದ ದವಡೆಯಲ್ಲಿ ಎಲ್ಲ ಹಲ್ಲುಗಳಿಗೂ ಎಡೆ ಮಾಡಹೊರಟುದೇ ಅದಕ್ಕೆ ಕಾರಣವೆಂಬ ನಿರ್ಣಯಕ್ಕೆ ಅವರು ಬಂದರು.

ಆಮೇಲೆ ಅವರು ಮಾಡಿದ ಕೆಲಸವನ್ನು ತಾವು ಗಮನವಿಟ್ಟು ಕೇಳಬೇಕು. ತಮ್ಮ ಕೈಯಲ್ಲಿ ಕೆಟ್ಟವರನ್ನು ಆರಿಸಿ, ಮೇಲೆ ಎರಡು, ಕೆಳಗೆ ಎರಡು, ಹೀಗೆ ಕೋರೆಹಲ್ಲಿನ ಹಿಂದಿನ ನಾಲ್ಕು ಹಲ್ಲುಗಳನ್ನು ತೆಗೆಸಿ, ಚಿಕಿತ್ಸೆಯನ್ನು ಮೊದಲಿನಿಂದ ಮತ್ತೆ ಮಾಡಿದರು. ಅದಕ್ಕೆ ಶುಲ್ಕ ಪಡೆಯಲಿಲ್ಲ. ಮರಳಿ ಕರೆದು ತಾಯಿತಂದೆಯರಿಗೆ ‘ನಾನು ಮಾಡಿದುದು ಸರಿಯಾಗಿಲ್ಲ’ ಎಂದು ಹೇಳಲು ಯಾವ ಕಾನೂನೂ ಅವರನ್ನು ಬಲವಂತಪಡಿಸಿರಲಿಲ್ಲ. ಮೊದಲನೆಯ ಸಂಖ್ಯೆಯ ಪ್ರಮಾಣಪತ್ರ ಗೋಡೆಯ ಮೇಲಿದ್ದವರಿಗೆ ಆ ಮಾತು ಎಷ್ಟು ಭಾರವಾಗಿದ್ದಿರಬೇಕೆಂಬುದನ್ನು ವೃತ್ತಿಯಲ್ಲಿರುವ ನಾವು ಬಲ್ಲೆವು.

1936ರಲ್ಲಿ ತಮ್ಮ ಅನುಭವವನ್ನು ಅವರು ಪ್ರಬಂಧವಾಗಿ ಮಂಡಿಸಿದರು. ಗುರುದ್ರೋಹವೆಂಬ ಮಾತು ಎದ್ದಿತು. ಏಂಗಲ್ ಅವರ ಹೆಸರಿನ ಪತ್ರಿಕೆಯ ಸಂಪಾದನೆಯ ಹೊಣೆ ಹೊತ್ತಿದ್ದ ಗುರುಪತ್ನಿ ಅದನ್ನು ಪ್ರಕಟಿಸಲು ಒಪ್ಪಲಿಲ್ಲ. ಶಿಷ್ಯವೃಂದವೆಲ್ಲ ಗೌರವದಿಂದ ‘ತಾಯಿ’ ಎಂದು ಕರೆಯುತ್ತಿದ್ದ ಹಿರಿಯಳು ಅವರು. ಟ್ವೀಡ್ ಅವರು ಜಗಳಕ್ಕೆ ನಿಲ್ಲಲಿಲ್ಲ, ಸುಮ್ಮನೂ ಆಗಲಿಲ್ಲ. ತಮ್ಮ ಊರಿಗೆ ಮರಳಿ ಕೆಲಸ ಮುಂದುವರಿಸಿದರು. 1940ರಲ್ಲಿ ಷಿಕಾಗೋ ನಗರದ ಸಮ್ಮೇಳನದಲ್ಲಿ, ಮೊದಲು ಹಲ್ಲು ಕೀಳದೆಯೂ ಅನಂತರ ಕಿತ್ತೂ ಚಿಕಿತ್ಸೆ ಮಾಡಿದ 100 ಮಂದಿಯ ದಾಖಲೆಗಳನ್ನು ಸಾಲಾಗಿ ಇರಿಸಿದರು. ತಮ್ಮ ಸೋಲುಗಳೇ ಅವರ ಸಾಕ್ಷಿಗಳಾದವು. ಮುಂದೆ ಆ ಸಣ್ಣ ನಗರವನ್ನು ಹುಡುಕಿಕೊಂಡು ದೂರದ ವೈದ್ಯರು ಕಲಿಯಲು ಬಂದರು. ನಮ್ಮ ದೇಶದ ದಂತವೈದ್ಯ ಕಾಲೇಜುಗಳಲ್ಲಿಯೂ ಅವರ ಹೆಸರಿನ ಅಳತೆಯ ತ್ರಿಕೋನವನ್ನು ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ.

ಇಲ್ಲಿ ಎರಡು ಮಾತುಗಳನ್ನು ಸ್ಪಷ್ಟಪಡಿಸಬೇಕು. ಮೊದಲನೆಯದು, ಕ್ಲಿಪ್ಪು ಹಾಕಿಸುವ ಮಕ್ಕಳೆಲ್ಲರ ಹಲ್ಲು ಕೀಳಿಸಬೇಕೆಂದು ಯಾರೂ ಮನೆಗೆ ಹೋಗಿ ಹೇಳಬಾರದು. ಟ್ವೀಡ್ ಅವರ ಅನಂತರದ ಕಾಲದಲ್ಲಿ ಕೆಲವೆಡೆ ಅಗತ್ಯಕ್ಕಿಂತ ಹೆಚ್ಚಾಗಿಯೇ ಕಿತ್ತದ್ದುಂಟು. ಇಂದು ಪ್ರತಿಯೊಂದು ಮಗುವಿನ ಮುಖ, ದವಡೆ, ಬೆಳವಣಿಗೆಗಳನ್ನು ನೋಡಿಯೇ ನಿರ್ಧರಿಸುತ್ತಾರೆ. ಎರಡನೆಯದು, ಅವರು ಗುರುವನ್ನು ತೊರೆದವರಲ್ಲ. ಗುರು ಕೊಟ್ಟ ಸಾಧನವನ್ನು ಕಡೆಯವರೆಗೂ ಕೈಬಿಡಲಿಲ್ಲ. ಅದನ್ನು ಅಷ್ಟು ಪಳಗಿದ ಕೈಯಿಂದ ಬಳಸಿದವರು ವಿರಳ. ಗುರುವಿನ ಸಾಧನವನ್ನು ಉಳಿಸಿಕೊಂಡು ಗುರುವಿನ ತಪ್ಪನ್ನು ತಿದ್ದಿದರು. ನೂರು ವರ್ಷಗಳ ಪರಂಪರೆಯನ್ನು ಕೈಗೆ ತೆಗೆದುಕೊಳ್ಳುವ ನಮ್ಮ ಯುವಜನರು ಈ ಭೇದವನ್ನು ಮನಗಾಣಬೇಕು.

ಪ್ರಿಯರೇ, ನಮ್ಮದೂ ಸಣ್ಣ ಊರು. ಇಲ್ಲಿ ಮೇಸ್ತ್ರಿ ಕಟ್ಟಿದ ಗೋಡೆ, ಶಿಕ್ಷಕಿ ಕಲಿಸಿದ ಹುಡುಗ, ವಕೀಲರು ಬರೆದ ಪತ್ರ, ತಾಯಿತಂದೆಯರು ಸಾಕಿದ ಮಗು, ಎಲ್ಲವೂ ಭಾನುವಾರದ ಪೂಜೆ ಮುಗಿದೊಡನೆ ಈ ಅಂಗಳದಲ್ಲೇ ಎದುರಾಗುತ್ತವೆ. ಚೆನ್ನಾಗಿ ಆದುದನ್ನು ಕಂಡು ನಾವು ನಗುತ್ತೇವೆ. ಕೆಟ್ಟುದನ್ನು ಕಂಡಾಗ ಬೇರೆ ಕಡೆ ನೋಡುತ್ತೇವೆ. ಆತ್ಮಶೋಧನೆ ಮಾಡಿಕೊಳ್ಳಿರೆಂದು ಬಾಲ್ಯದಿಂದ ಕಲಿತವರು ನಾವು. ಆದರೆ ಅದು ಮೊಣಕಾಲೂರಿದ ಹೊತ್ತಿಗೆ ಮಾತ್ರವೆಂದೂ, ಕೆಲಸದ ಮೇಜಿಗೆ ಸಲ್ಲದೆಂದೂ ಎಣಿಸಿದ್ದೇವೆ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಚಿಕಿತ್ಸೆ ಮಾಡಿದ ಹುಡುಗಿಯೊಬ್ಬಳ ಹಲ್ಲುಗಳು ಮತ್ತೆ ಸೊಟ್ಟಗಾದವು. ಈ ಅಂಗಳದಲ್ಲಿ ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಂಡೆವು. ತಂತಿ ಬಿಚ್ಚಿದ ಮೇಲೆ ತೊಡಬೇಕಾದ ತಟ್ಟೆಯನ್ನು ಅವಳೇ ಸರಿಯಾಗಿ ತೊಡಲಿಲ್ಲವೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಈ ಭಾಷಣವನ್ನು ಬರೆಯತೊಡಗಿದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಕಳೆದ ತಿಂಗಳು ಅವಳ ಮನೆಗೆ ಹೇಳಿ ಕಳುಹಿಸಿದೆವು. ತಾಯಿಯೊಡನೆ ಬಂದಳು. ಕೆಲಸ ಮತ್ತೆ ಆರಂಭವಾಗಿದೆ. ಈ ಬಾರಿ ಶುಲ್ಕವಿಲ್ಲ.

ಈ ಶತಮಾನೋತ್ಸವಕ್ಕೆ ಬಂದವರನ್ನು ನಾವೆಲ್ಲ ಆದರಿಸಿದ್ದೇವೆ. ನಮ್ಮ ಕೈಯಿಂದ ಅರೆಬರೆಯಾದ ಕೆಲಸದಿಂದಲೋ ನಮ್ಮ ಒರಟು ಮಾತಿನಿಂದಲೋ ಬಾರದೆ ಉಳಿದವರು ಯಾರೆಂದು ಪ್ರತಿ ಮನೆಯೂ ಇಂದು ರಾತ್ರಿ ಒಮ್ಮೆ ಯೋಚಿಸಲಿ. ಅವರಲ್ಲಿ ಒಬ್ಬರನ್ನಾದರೂ ಕರೆಯಲಿ. ಎರಡನೆಯ ಶತಮಾನಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ನಮಗೆ ತೋರುವುದಿಲ್ಲ.

 ದೇವರು ನಮ್ಮ ಕೈಗಳ ಕೆಲಸವನ್ನು ಹರಸಲಿ.