ಹಾಡ್ಯಾಡಿ ಅಳುವ ತಾಯಂದಿರು

(ಮಮದಾಪುರದಲ್ಲಿ ಮಾಡಿದ ಭಾಷಣ)



ಸತ್ತವರ ಮನೆಯಲ್ಲಿ ಹೆಣ್ಣುಮಕ್ಕಳು ಅಳುವದನ್ನು ನಮ್ಮ ಸೀಮೆಯ ಜನರು 'ಹಾಡ್ಯಾಡಿ ಅತ್ತಳು' ಎಂದು ಹೇಳುವರು. ಅಳುವಿಗೂ ಹಾಡಿಗೂ ನಡುವೆ ಗೋಡೆಯಿಲ್ಲವೆಂಬದನ್ನು ಈ ಒಂದು ಮಾತೇ ಸಾರುತ್ತದೆ. ಓದಿದವರಾದ ನಾವು ಮಾತ್ರ ಅದನ್ನು ಒಡ್ಡತನವೆಂದೆಣಿಸಿ, ಹೊರಗೆ ನಿಂತು 'ಸಾಕು, ಸುಮ್ಮನಿರಿಸಿರಿ' ಎನ್ನುತ್ತೇವೆ. ಈ ಎಣಿಕೆಯು ಸರಿಯೇ ಎಂಬದನ್ನು ಇಂದು ತಮ್ಮ ಮುಂದೆ ವಿಚಾರಕ್ಕೆ ಇಡುವೆನು.

ಆ ಅಳುವಿನಲ್ಲಿ ಏನಿರುತ್ತದೆ? ತಾಯಿಯನ್ನು ಕಳೆದುಕೊಂಡ ಮಗಳು, ಆಕೆ ಉಣಿಸಿದ್ದು, ಉಡಿ ತುಂಬಿ ಕಳಿಸಿದ್ದು, ಪಂಚಮಿಗೆ ಕರೆತರಲು ಅಣ್ಣನನ್ನು ಅಟ್ಟಿದ್ದು, ಒಂದೊಂದನ್ನೇ ಎಣಿಸುತ್ತಾಳೆ. ಇನ್ನು ತವರಿನಲ್ಲಿ ತನ್ನನ್ನು ಕೇಳುವವರಾರೆಂದು ನೆರೆದವರನ್ನೇ ಕೇಳುತ್ತಾಳೆ. ವಕೀಲನಾದ ನನಗೆ ಅದು ಸಾಕ್ಷಿಯ ಹೇಳಿಕೆಯಂತೆ ತೋರುತ್ತದೆ. ಅತ್ತೆ ಮಾವಂದಿರ ಮುಂದೆ ತಲೆಯೆತ್ತಿ ಮಾತಾಡದ ಸೊಸೆಯು ಆ ಹೊತ್ತಿನಲ್ಲಿ ಊರೆಲ್ಲ ಕೇಳುವಂತೆ ತನ್ನ ಬಾಳನ್ನು ಹೇಳಿಕೊಳ್ಳುವಳು. ಅದು ದುಃಖವು ಆಕೆಗೆ ಕೊಟ್ಟ ಅಧಿಕಾರ. ಅದನ್ನು ಕಸಿಯಲು ನಾವಾರು?

ದಿನದಿನದ ಅಳಲಿಗೆ ಬೀಸುವ ಕಲ್ಲು ಜೊತೆಯಾಯಿತು. ಕೋಳಿ ಕೂಗುವ ಮೊದಲೆದ್ದು ಜೋಳ ಬೀಸುತ್ತ ನಮ್ಮ ಅಜ್ಜಿಯರು ಹಾಡಿದ ತ್ರಿಪದಿಯು ನಿನ್ನೆ ಮೊನ್ನೆಯದಲ್ಲ. ಕ್ರಿ. ಶ. 700ರ ಸುಮಾರಿನ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೂ ಅದೇ ತ್ರಿಪದಿ ಅದೆ. ಸರ್ವಜ್ಞನು ನುಡಿದದ್ದೂ ಅದರಲ್ಲಿಯೇ. 1931ರಲ್ಲಿ ಮಧುರಚೆನ್ನರೇ ಮೊದಲಾದ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಎಂಬ ಸಂಗ್ರಹವನ್ನು ಹೊರತಂದು, ಅಡಿಗೆಮನೆಯ ಧನವನ್ನು ಪಡಸಾಲೆಗೆ ತಂದರು. ಇದೇ ಗೋಕಾಕ ನಾಡಿನ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ 'ಆನಂದಕಂದ' ಕೃಷ್ಣಶರ್ಮರು ಹಳ್ಳಿಯ ನುಡಿಯಲ್ಲಿ ಕವಿತೆ ಕಟ್ಟಿದರು. ಮಗುವನ್ನು ಕಳೆದುಕೊಂಡವರ ಸಂಕಟವನ್ನು ಹೇಳಲು ಬೇಂದ್ರೆಯವರು ಆರಿಸಿದ್ದೂ ಮನೆಮಾತನ್ನೇ.

ಈ ಅಳಲು ಮತದ ಮೇರೆಯನ್ನೂ ದಾಟುತ್ತದೆ. ಮೊಹರಮ್ಮಿನಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಹಾಡುವ ರಿವಾಯತಗಳನ್ನು ಕೇಳಿರಿ. ಕ್ರಿ. ಶ. 680ರಲ್ಲಿ ಕರ್ಬಲೆಯಲ್ಲಿ ಮಡಿದ ಹುಸೇನರ ಕಥೆಯು ಅಲ್ಲಿ ಕನ್ನಡದ ತಾಯಿ ಮಕ್ಕಳ ಅಳಲಾಗಿದೆ. ಹಾಡುವವರಲ್ಲಿ ಹಿಂದುಗಳೂ ಉಂಟು, ಮುಸಲ್ಮಾನರೂ ಉಂಟು.

ಆದರೆ ಒಂದು ಎಚ್ಚರ ಬೇಕು. ಹಾಡನ್ನು ಹೊಗಳಿ ಹಾಡಿದವಳನ್ನು ಮರೆಯುವದು ನ್ಯಾಯವಲ್ಲ. ತವರಿನ ಹಂಬಲವು ಅಷ್ಟು ಇಂಪಾಗಿ ಹೊಮ್ಮಲು ಗಂಡನ ಮನೆಯ ಕಷ್ಟವೂ ಕಾರಣವು. ಬೀಸುವ ಕಲ್ಲು ಮೂಲೆ ಸೇರಿದ್ದು ತಾಯಂದಿರ ರಟ್ಟೆಗೆ ಒಳ್ಳೆಯದೇ ಆಯಿತು. ಆ ದುಡಿತವು ಮರಳಿ ಬರಲೆಂದು ನಾನು ಬಯಸಲಾರೆನು. ಉಳಿಯಬೇಕಾದದ್ದು ಹಾಡು.

ಶಿಕ್ಷಕ ಬಂಧುಗಳೇ, ಧ್ವನಿಯನ್ನು ಹಿಡಿದಿಡುವ ಯಂತ್ರವು ಈಗ ನಮ್ಮ ಕಿಸೆಯಲ್ಲಿಯೇ ಅದೆ. ಅದನ್ನು ಹಿಡಿದು ಸತ್ತವರ ಮನೆಗೆ ಹೋಗಬೇಡಿರಿ. ದಿನಗಳು ಕಳೆದು ದುಃಖವು ತುಸು ಇಳಿದ ಮೇಲೆ, ಆ ತಾಯಿಯ ಒಪ್ಪಿಗೆ ಪಡೆದು, ಕುಳಿತು ಕೇಳಿರಿ. ಬರೆದುಕೊಳ್ಳುವಾಗ ಆಕೆಯ ನುಡಿಯನ್ನು ತಿದ್ದಬೇಡಿರಿ. ಆಕೆ ಒಪ್ಪಿದರೆ ಹಾಡಿನ ಕೆಳಗೆ ಆಕೆಯ ಹೆಸರನ್ನೂ ಊರನ್ನೂ ಬರೆಯಿರಿ. ಹೆಸರುಳಿಯದೆ ಹಾಡಿ ಹೋದವರಿಗೆ ಲೆಕ್ಕವಿಲ್ಲ. ಇನ್ನು ಹಾಡುವವರಾದರೂ ಆ ಲೆಕ್ಕದಲ್ಲಿ ಸೇರದಿರಲಿ.