ಪಾಕಶಾಲೆಯಲ್ಲಿ ದೇವಸಾನ್ನಿಧ್ಯ



ಹೋದ ವರ್ಷ ಕಾರ್ತಿಕ ಮಾಸದಲ್ಲಿ ಒಬ್ಬ ತಾಯಿ ಮಠಕ್ಕೆ ಬಂದಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಎರಡು ಎಮ್ಮೆ, ಮೂರು ಮಕ್ಕಳು, ಹೊಲದ ಆಳುಗಳಿಗೆ ಬುತ್ತಿ ಕಟ್ಟುವ ಕೆಲಸ. “ಅಜ್ಜಾರ, ನನಗ ಪೂಜಾಕ್ಕ ಹೊತ್ತೇ ಸಿಗೂದಿಲ್ರೀ. ಲಿಂಗಕ್ಕ ನೀರು ಹಾಕೂದರಾಗ ಅತ್ತಿಯವರು ಕರೀತಾರ. ನನ್ನಂಥಾಕಿಗೆ ದೇವರು ದಾರಿ ತೋರಸ್ತಾನೇನ್ರೀ?” ಎಂದು ಕೇಳಿದರು. ಅಂದು ದರ್ಶನಕ್ಕೆ ಬಹಳ ಜನ ಸೇರಿದ್ದರು. ನಾವು, “ಇನ್ನೊಂದು ತಾಸು ಮೊದಲು ಏಳವ್ವಾ, ಎಲ್ಲಾ ಹೊಂದತದ” ಎಂದು ಹೇಳಿ ವಿಭೂತಿ ಕೊಟ್ಟು ಕಳುಹಿಸಿದೆವು. ಆ ತಾಯಿ ಏಳುತ್ತಿದ್ದದ್ದೇ ನಸುಕಿನ ನಾಲ್ಕು ಗಂಟೆಗೆ ಎಂಬುದು ಆಮೇಲೆ ಅವರ ಊರಿನವರಿಂದ ತಿಳಿಯಿತು. ಅಂದು ಕೊಟ್ಟ ಉತ್ತರ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಕೊಂಡಿತು.

ಈ ಶ್ರಾವಣದಲ್ಲಿ, ಹಿಂದೆ ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿದ ಕ್ರೈಸ್ತ ಉಪಾಧ್ಯಾಯರೊಬ್ಬರು ಬಂದು ನಾಲ್ಕು ದಿನ ಮಠದಲ್ಲಿ ಉಳಿದಿದ್ದರು. ಅವರ ಚೀಲದಲ್ಲಿ ಅಂಗೈಯಷ್ಟು ಪುಸ್ತಕ. ನಮ್ಮ ಆಯುಷ್ಯವೆಲ್ಲ ಕೌಮುದಿ, ತರ್ಕಸಂಗ್ರಹಗಳಲ್ಲಿ ಕಳೆಯಿತು, ಇಂಗ್ಲಿಷು ಅಷ್ಟಕ್ಕಷ್ಟೆ. ಆದುದರಿಂದ ಸಾಯಂಕಾಲದ ಹೊತ್ತು ಅವರು ಓದಿ ಕನ್ನಡದಲ್ಲಿ ಹೇಳುತ್ತ ಹೋದರು, ನಾವು ಕೇಳುತ್ತ ಹೋದೆವು. ಅದು ಸಹೋದರ ಲಾರೆನ್ಸ್ ಎಂಬ ಕ್ರೈಸ್ತ ಸಾಧಕರ ಪತ್ರಗಳೂ ಸಂಭಾಷಣೆಗಳೂ ಸೇರಿದ ಪುಸ್ತಕ. ಆ ಮಹಾನುಭಾವರು ತಾವಾಗಿ ಗ್ರಂಥ ಬರೆದವರಲ್ಲ. 1666ರಿಂದ ಅವರಲ್ಲಿಗೆ ಬಂದು ಮಾತನಾಡುತ್ತಿದ್ದ ಜೋಸೆಫ್ ದ ಬೋಫೋರ್ ಎಂಬ ಪಾದ್ರಿಗಳು, ಅವರು 1691ರಲ್ಲಿ ದೇವರ ಪಾದ ಸೇರಿದ ಮೇಲೆ ಇವನ್ನು ಕೂಡಿಸಿ ಅಚ್ಚು ಹಾಕಿಸಿದರು.

ಲಾರೆನ್ಸರ ಪೂರ್ವಾಶ್ರಮದ ಹೆಸರು ನಿಕೊಲಾ ಹರ್ಮನ್. ಲೊರೇನ್ ಪ್ರಾಂತದ ಬಡವರ ಮನೆಯ ಮಗ. ಹದಿನೆಂಟನೆಯ ವಯಸ್ಸಿನಲ್ಲಿ ಒಂದು ಚಳಿಗಾಲದ ದಿನ ಎಲೆಯುದುರಿ ಬೋಳಾಗಿ ನಿಂತ ಮರವೊಂದನ್ನು ಕಂಡರು. ಸ್ವಲ್ಪ ದಿನಕ್ಕೆ ಇದೇ ಮರ ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ ಎಂಬ ವಿಚಾರ ಬಂದಿತು. ಅಷ್ಟೇ. ಅಶರೀರವಾಣಿಯಾಗಲಿಲ್ಲ, ಬೆಳಕು ಕಾಣಿಸಲಿಲ್ಲ. ಆ ಮರ ನೋಡಿದಾಗ ದೇವರ ಶಕ್ತಿಯ ಬಗೆಗೆ ಮೂಡಿದ ಅರಿವು ಮಾತ್ರ ಮುಂದೆ ಎಂದೂ ಅಳಿಯಲಿಲ್ಲ. ಯುರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ನಡೆದ ಕಾಲವದು. ಸೈನಿಕರಾಗಿ ಗಾಯಗೊಂಡರು, ಕಾಲು ಕುಂಟಾಯಿತು. ಆಮೇಲೆ ಶ್ರೀಮಂತರೊಬ್ಬರ ಮನೆಯಲ್ಲಿ ಆಳಾಗಿದ್ದರು. ಕೈಗೆ ಕೊಟ್ಟದ್ದನ್ನೆಲ್ಲ ಒಡೆದುಹಾಕುತ್ತಿದ್ದೆ ಎಂದು ತಾವೇ ಹೇಳಿಕೊಂಡಿದ್ದಾರೆ. 1640ರಲ್ಲಿ ಪ್ಯಾರಿಸ್ ನಗರದ ಕಾರ್ಮೆಲ್ ಸಂನ್ಯಾಸಿಗಳ ಮಠವನ್ನು ಸೇರಿದರು. (ಇದೇ ಕಾರ್ಮೆಲ್ ಪಂಥದ ಸಂನ್ಯಾಸಿಗಳು 1878ರಲ್ಲಿ ಜೆಸ್ವಿತರು ಬರುವ ತನಕ ನಮ್ಮ ಮಂಗಳೂರಿನ ಕ್ರೈಸ್ತರ ಧರ್ಮಕಾರ್ಯ ನೋಡಿಕೊಂಡವರು.) ಓದು ಇಲ್ಲದವರಾದ್ದರಿಂದ ಅವರಿಗೆ ಗುರುಪದವಿ ಇಲ್ಲ. ಕೊಟ್ಟದ್ದು ಅಡುಗೆಮನೆ. ಅದರ ಮೇಲೆ ಅವರಿಗೆ ಸ್ವಭಾವತಃ ಬಹಳ ಜಿಗುಪ್ಸೆ! ಅಂಥ ಅಡುಗೆಮನೆಯಲ್ಲಿ ಹದಿನೈದು ವರ್ಷ ಕಳೆದರು. ಕಾಲು ನಿಲ್ಲದಾದ ಮೇಲೆ ಪಾದರಕ್ಷೆ ಹೊಲಿಯುವ ಕೆಲಸ.

ಇಲ್ಲಿಗೆ ಬಂದಾಗ ಉಪಾಧ್ಯಾಯರು ಸ್ವಲ್ಪ ತಡವರಿಸಿದರು. “ಬಾಣಲೆಯೊಳಗೆ ಏನೋ ಒಂದನ್ನು...” ಎಂದು ನಿಂತರು. ಏಕೆ ನಿಂತಿರಿ ಎಂದೆವು. “ಅದು ತತ್ತಿಯದ್ದು ಅಜ್ಜಾರ, ಮಠದಾಗ ಹೆಂಗ ಹೇಳಲಿ?” ಎಂದರು. ಅವರ ಅಡುಗೆಮನೆ ಅವರದು, ಹೇಳಿರಿ ಎಂದೆವು. ಬಾಣಲೆಯಲ್ಲಿ ತತ್ತಿಯ ದೋಸೆಯನ್ನು ತಿರುವಿ ಹಾಕುವಾಗಲೂ ದೇವರ ಪ್ರೀತಿಗಾಗಿಯೇ ತಿರುವಿ ಹಾಕುವುದು. ನೆಲದ ಮೇಲೆ ಬಿದ್ದ ಒಂದು ಕಡ್ಡಿಯನ್ನು ಎತ್ತಿದರೂ ಅವನಿಗಾಗಿ ಎತ್ತುವುದು. ನಾಲ್ಕಾರು ಜನ ಒಮ್ಮೆಲೇ ಅದು ಬೇಕು ಇದು ಬೇಕು ಎಂದು ಕೂಗುವ ಗದ್ದಲದಲ್ಲಿಯೂ, ಪೂಜಾಮಂದಿರದಲ್ಲಿ ಮೊಣಕಾಲೂರಿದಾಗ ಇರುವಷ್ಟೇ ಶಾಂತಿ ತಮಗಿರುತ್ತದೆ ಎಂದು ಅವರ ಅನುಭವ.

ಕಾಯಕತತ್ತ್ವವನ್ನು ಕೇಳುತ್ತ ಬೆಳೆದ ನಿಮಗೆ ಇದು ಹೊಸದೆನಿಸಲಿಕ್ಕಿಲ್ಲ. “ಇದೆಲ್ಲ ನಮ್ಮಲ್ಲಿಯೇ ಇದೆ” ಎಂದು ಹೇಳಿ ಎದ್ದುಹೋಗುವ ಚಾಳಿಯೂ ನಮಗುಂಟು. ನಮ್ಮಲ್ಲಿ ಇದ್ದಿದ್ದರೆ ಆ ತಾಯಿಗೆ ನಾವು ಅಂಥ ಉತ್ತರವನ್ನೇಕೆ ಕೊಡುತ್ತಿದ್ದೆವು?

ಇನ್ನು ದಾರಿ ತೋರಿಸುವ ಮಾತು. ದೇವರ ಅಪ್ಪಣೆ ಎಂದರೆ ಹೂವಿನ ಪ್ರಸಾದವೆಂದೇ ನಮ್ಮ ಜನರ ತಿಳುವಳಿಕೆ. ಬಲಗಡೆ ಬಿದ್ದರೆ ಹೊಲ ಕೊಳ್ಳುವುದು, ಎಡಗಡೆ ಬಿದ್ದರೆ ಬಿಡುವುದು. ಎಡಗಡೆ ಬಿದ್ದರೆ ಮತ್ತೊಮ್ಮೆ ಕೇಳುವವರೂ ಇದ್ದಾರೆ! ಕ್ರೈಸ್ತರಲ್ಲಿಯೂ ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳು ಬಿದ್ದ ವಾಕ್ಯವನ್ನೇ ಅಪ್ಪಣೆಯೆಂದು ತಿಳಿಯುವವರಿದ್ದಾರೆಂದು ಉಪಾಧ್ಯಾಯರು ನಕ್ಕರು. ಲಾರೆನ್ಸರ ದಾರಿ ಇದಲ್ಲ. ಒಮ್ಮೆ ಮಠಕ್ಕೆ ಬೇಕಾದ ದ್ರಾಕ್ಷಾಮದ್ಯವನ್ನು ಕೊಂಡು ತರಲು ಅವರನ್ನು ಬರ್ಗಂಡಿ ಪ್ರಾಂತಕ್ಕೆ ಕಳುಹಿಸಿದರು. ವ್ಯಾಪಾರ ಬಾರದವರು, ಕುಂಟುಕಾಲು. ದೋಣಿಯಲ್ಲಿ ಪೀಪಾಯಿಗಳ ಮೇಲೆ ಉರುಳಿಕೊಂಡೇ ಆ ಕಡೆಗೆ ಈ ಕಡೆಗೆ ಹೋಗಬೇಕಿತ್ತು. ಇದು ನಿನ್ನ ಕೆಲಸ, ನಾನು ಆಳು ಎಂದು ದೇವರಿಗೆ ನಿವೇದಿಸಿ ಕೆಲಸಕ್ಕೆ ಹೊರಟರು. ಕೆಲಸ ಚೆನ್ನಾಗಿಯೇ ಆಯಿತು. ಅವರು ನಾಳಿನದನ್ನು ಇಂದೇ ಚಿಂತಿಸುತ್ತಿರಲಿಲ್ಲ. ಕೆಲಸದ ಹೊತ್ತು ಬಂದಾಗ, ಆಗ ಮಾಡತಕ್ಕದ್ದು ಕನ್ನಡಿಯಲ್ಲಿ ಕಂಡಂತೆ ದೇವರಲ್ಲಿ ಕಾಣುತ್ತಿತ್ತಂತೆ. ಮುಂದಿನ ಹತ್ತು ವರ್ಷದ ದಾರಿಯಲ್ಲ, ಮುಂದಿನ ಒಂದು ಹೆಜ್ಜೆ ಮಾತ್ರ. ತಪ್ಪಿದಾಗ, ನೀನು ಕೈಬಿಟ್ಟರೆ ನಾನು ಮಾಡುವುದೇ ಹೀಗೆ, ನೀನೇ ತಿದ್ದಬೇಕು ಎಂದು ಒಪ್ಪಿಕೊಂಡು, ಅದನ್ನೇ ಕೊರಗುತ್ತ ಕೂಡದೆ ಮತ್ತೆ ಸೌಟು ಹಿಡಿಯುತ್ತಿದ್ದರು.

ಇದು ಸುಲಭವಾಗಿ ಬಂದದ್ದೆಂದು ತಿಳಿಯಬೇಡಿರಿ. ಮೊದಲ ಹತ್ತು ವರ್ಷ ಅವರು ಬಹಳ ಬಳಲಿದರು. ನೆನಹು ನಿಲ್ಲುತ್ತಿರಲಿಲ್ಲ, ಹಿಂದಿನ ಪಾಪಗಳೆಲ್ಲ ಕಣ್ಣ ಮುಂದೆ ಬರುತ್ತಿದ್ದುವು, ಬೀಳುವುದು, ಏಳುವುದು. ಜನರೂ ವಿಚಾರವೂ ದೇವರೂ ಕೂಡ ತಮಗೆ ವಿರೋಧವಾಗಿ ನಿಂತಂತೆ ತೋರುತ್ತಿತ್ತು. ಕಡೆಗೆ, ಸಾಯುವ ತನಕ ಹೀಗೆಯೇ ಇದ್ದರೂ ಇರಲಿ ಎಂದು ಒಪ್ಪಿಕೊಂಡು ಕುಳಿತ ಮೇಲೆ ಮನಸ್ಸು ಒಮ್ಮೆಲೇ ತಿಳಿಯಾಯಿತು. ಈ ಭಾಗವನ್ನು ಉಪಾಧ್ಯಾಯರಿಂದ ಎರಡು ಸಲ ಓದಿಸಿಕೊಂಡೆವು. ಮಠದ ಪೀಠದ ಮೇಲೆ ಕುಳಿತವರಿಗೂ ಬತ್ತಿದ ದಿನಗಳು ಬರುತ್ತವೆ. ಅದನ್ನು ನಾವು ಭಕ್ತರ ಮುಂದೆ ಹೇಳುವುದಿಲ್ಲ; ಅವರು ಪತ್ರ ಬರೆದು ಹೇಳಿದರು. ಮತ್ತೊಬ್ಬರಿಗೆ ಧೈರ್ಯ ಬರುವುದು ಇಂಥ ಮಾತಿನಿಂದ.

ಪಾಣಿನಿಯ ವ್ಯಾಕರಣದಲ್ಲಿ ಅನುವೃತ್ತಿ ಎಂದು ಒಂದುಂಟು. ಒಂದು ಸೂತ್ರದಲ್ಲಿ ಹೇಳಿದ ಪದವನ್ನು ಮುಂದಿನ ಸೂತ್ರಗಳಲ್ಲಿ ಮತ್ತೆ ಹೇಳುವುದಿಲ್ಲ. ಅದು ತಾನಾಗಿ ಹರಿದು ಬಂದಿದೆಯೆಂದು ತಿಳಿದೇ ಅರ್ಥ ಮಾಡಬೇಕು. ಅದನ್ನು ಬಿಟ್ಟರೆ ಮುಂದಿನ ಸೂತ್ರಕ್ಕೆ ಅರ್ಥವೇ ಆಗುವುದಿಲ್ಲ. ಈ ಪಾಠವನ್ನು ನಾವು ವಿದ್ಯಾರ್ಥಿಗಳಿಗೆ ಎಷ್ಟೋ ವರ್ಷ ಹೇಳಿದ್ದೇವೆ. ಬೆಳಗಿನ ಅರ್ಧ ಗಳಿಗೆಯ ಪೂಜೆ ಅತ್ತೆಯ ಹಾಸಿಗೆಯ ತನಕ ಹಾಗೆಯೇ ಹರಿದು ಹೋಗಬಹುದೆಂಬುದು ಮಾತ್ರ ನಮಗೆ ಹೊಳೆದಿರಲಿಲ್ಲ. ಪ್ಯಾರಿಸ್ಸಿನ ಅಡುಗೆಯವರು ಹೇಳಬೇಕಾಯಿತು.

ದಂಡಿನಲ್ಲಿದ್ದ ಒಬ್ಬರ ವಿಷಯವಾಗಿ ಲಾರೆನ್ಸರು ಬರೆದ ಪತ್ರವೊಂದಿದೆ. ಕೈಯಲ್ಲಿ ಕತ್ತಿ ಹಿಡಿದು ನಡೆಯುವಾಗಲೂ ಒಂದು ಕ್ಷಣ ಹೃದಯವನ್ನು ದೇವರ ಕಡೆಗೆ ಎತ್ತಿದರೆ ಸಾಕು, ಎಷ್ಟೇ ಚಿಕ್ಕದಾದರೂ ಅದು ಅವನಿಗೆ ಒಪ್ಪಿತ ಎಂದು ಅದರ ತಾತ್ಪರ್ಯ. ಕತ್ತಿ ಹಿಡಿದವರಿಗೆ ಸಲ್ಲುವುದು ಬುತ್ತಿ ಕಟ್ಟುವವರಿಗೆ ಸಲ್ಲದೆ?

ಆ ತಾಯಿ ಇಂದು ಈ ಸಭೆಗೆ ಬಂದಿಲ್ಲ. ಅತ್ತೆಯವರ ಹತ್ತಿರ ಇರಬೇಕು. ಅವರ ಊರಿನ ಭಕ್ತರು ಆ ಕಂಬದ ಹತ್ತಿರ ಕುಳಿತಿರುವುದು ಕಾಣುತ್ತದೆ. ಅಜ್ಜಾರು ಅಂದು ಹೇಳಿದ್ದು ತಪ್ಪು, ಇನ್ನೂ ಮೊದಲು ಏಳಬೇಕಾಗಿಲ್ಲ ಎಂದು ಅವರಿಗೆ ಮುಟ್ಟಿಸಿರಿ. ಬರುವ ಸೋಮವಾರ ನಾವು ಆ ಕಡೆ ಬರುವವರಿದ್ದೇವೆ; ಅವರ ಮನೆಗೂ ಬರುತ್ತೇವೆ. ಪಾದಪೂಜೆಗೆಂದು ಏನೂ ಸಿದ್ಧತೆ ಮಾಡುವುದು ಬೇಡ, ಅತ್ತೆಯವರನ್ನು ನೋಡಿ ಹೋಗುತ್ತೇವೆ ಎಂದು ಹೇಳಿರಿ.