ಕರೆಗಂಟೆಯ ಸದ್ದು: ಅಬ್ಬಾ ತಂಡದ ಮರೆತ ಆಲ್ಬಂ



1974ರಲ್ಲಿ ಬ್ರೈಟನ್ನಿನ ಯೂರೋವಿಷನ್ ಸ್ಪರ್ಧೆಯನ್ನು ಗೆದ್ದ ಸ್ವೀಡನ್ನಿನ 'ಅಬ್ಬಾ' ತಂಡವನ್ನು ಅಲ್ಲಿನ ಎಡಪಂಥೀಯ ಸಂಗೀತಗಾರರು ಒಪ್ಪಲಿಲ್ಲ. ಮರುವರ್ಷ ಸ್ಪರ್ಧೆ ಸ್ಟಾಕ್‌ಹೋಮಿಗೆ ಬಂದಾಗ, ಸಂಗೀತದ ವಾಣಿಜ್ಯೀಕರಣವನ್ನು ವಿರೋಧಿಸಿ ಪರ್ಯಾಯ ಉತ್ಸವವನ್ನೇ ನಡೆಸಿದರು. ಆ ವಿರೋಧಕ್ಕೆ ಕಾರಣಗಳಿದ್ದವು. ಆದರೆ ಒಮ್ಮೆ ನೀಡಿದ ತೀರ್ಪು ಮುಂದಿನ ಹಾಡುಗಳಿಗೆ ಕಿವಿ ಮುಚ್ಚಿಸಬಾರದು.

1981ರ ನವೆಂಬರಿನಲ್ಲಿ 'ದಿ ವಿಸಿಟರ್ಸ್' ಹೊರಬರುವ ವೇಳೆಗೆ ತಂಡದ ಎರಡೂ ದಾಂಪತ್ಯಗಳು ಮುರಿದಿದ್ದವು. ಆದರೂ ಅದರ ಶೀರ್ಷಿಕೆಗೀತೆ ಸ್ವಂತ ದುಃಖವನ್ನು ದಾಟಿ, ಕರೆಗಂಟೆಯ ಸದ್ದಿಗೇ ನಡುಗುವ ಸೋವಿಯತ್ ಭಿನ್ನಮತೀಯರ ಭಯಕ್ಕೆ ದನಿಯಾಯಿತು. ಎರಡು ವಾರ ಕಳೆಯುವುದರೊಳಗೆ ಪೋಲೆಂಡಿನಲ್ಲಿ ಸೇನಾಡಳಿತ ಜಾರಿಯಾಯಿತು. ಅಲ್ಲಿನ ಮನೆಗಳ ಕದವನ್ನೂ ಅಂಥ ಅತಿಥಿಗಳೇ ತಟ್ಟಿದರು. ಅದೇ ಆಲ್ಬಮ್ಮಿನ 'ಸೋಲ್ಜರ್ಸ್' ಯುದ್ಧದ ಆತಂಕವನ್ನು ಹಾಡಿದರೆ, 'ಸ್ಲಿಪ್ಪಿಂಗ್ ಥ್ರೂ ಮೈ ಫಿಂಗರ್ಸ್' ಶಾಲೆಗೆ ಹೊರಟ ಮಗಳನ್ನು ನೋಡುತ್ತ ನಿಂತ ತಾಯಿಯ ಅಳಲನ್ನು ಹಾಡಿತು.

ಔತಣಕೂಟಗಳಲ್ಲಿ 'ಡ್ಯಾನ್ಸಿಂಗ್ ಕ್ವೀನ್' ಇಂದಿಗೂ ಮೊಳಗುತ್ತದೆ. ಈ ಹಾಡುಗಳಿಗೆ ಕಿವಿಗೊಡುವವರು ಕಡಿಮೆ. ಮಾರುಕಟ್ಟೆಯ ಸರಕೆಂದು ತಳ್ಳಿದ ಸಂಗೀತದೊಳಗೂ ಪ್ರಭುತ್ವಕ್ಕೆ ಅಂಜಿದ ಮನುಷ್ಯನ ಉಸಿರು ಕೇಳಿಸಬಹುದು. ಆಲಿಸುವ ಮುನ್ನವೇ ತೀರ್ಪು ಬರೆದಿಡುವುದು ಪ್ರಭುತ್ವದ ಅಭ್ಯಾಸ. ಅದು ಪ್ರಗತಿಪರರ ಅಭ್ಯಾಸವಾಗಬಾರದು.